ಅತಿಸೂಕ್ಷ್ಮ ತಂತ್ರವಿದ್ಯೆಯೂ ಕನ್ನಡ ಶಾಲೆಯ ಮಕ್ಕಳೂ

ಕಳೆದ ವರ್ಷ ಹತ್ತನೆಯ ಇಯತ್ತೆಯ ಫಲಿತಾಂಶ ಬಂದ ಕೆಲವು ದಿನಗಳ ಮೇಲೆ, ನಮ್ಮ ಶಾಲೆಯಿಂದ ಉತ್ತೀರ್ಣನಾದ ಒಬ್ಬ ವಿದ್ಯಾರ್ಥಿಯ ತಂದೆಯವರು ನನ್ನನ್ನು ಕಾಣಲು ಬಂದಿದ್ದರು. ಅವರು ವಿಜಯಪುರದ ಕಡೆಯವರು. ಪುಣೆಗೆ ಬಂದು ಗೌಂಡಿ ಕೆಲಸದಲ್ಲಿ ಹದಿನೈದು ವರ್ಷಗಳನ್ನು ಕಳೆದವರು. ಮಗನು ಎಲ್ಲ ವಿಷಯಗಳಲ್ಲಿಯೂ ಒಳ್ಳೆಯ ಅಂಕಗಳನ್ನು ಪಡೆದಿದ್ದನು. ವಿಜ್ಞಾನದಲ್ಲಂತೂ ವರ್ಗಕ್ಕೇ ಮೊದಲಿಗನಾಗಿದ್ದನು. ಅವನನ್ನು ತಂತ್ರನಿಕೇತನಕ್ಕೆ ಸೇರಿಸಿರಿ, ಇಲೆಕ್ಟ್ರಾನಿಕ್ಸ್ ಕಲಿಯಲಿ, ಎಂದು ನಾನು ಸೂಚಿಸಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರ್ರ, ಕನ್ನಡ ಸಾಲಿ ಕಲತ ಹುಡುಗಗ ಅಂಥಾ ಕಾಲೇಜು ಎಲ್ಲಿ ಒಗ್ಗತೈತ್ರಿ?" ಎಂದರು. ನಾನು ಏನೋ ಸಮಾಧಾನ ಹೇಳಿದೆನು. ಆದರೆ ನನ್ನ ಮಾತಿನಲ್ಲಿ ನನಗೇ ಬಲ ಕಾಣಲಿಲ್ಲ. ಅವರಿಗೆ ಹೇಗೆ ಕಂಡೀತು? ಹುಡುಗನು ಶಿವಾಜಿನಗರದ ರೈಲು ನಿಲ್ದಾಣದ ಸಮೀಪದ ಒಂದು ಗಲ್ಲಿಯಲ್ಲಿ ಮೊಬೈಲ್ ದುರಸ್ತಿಯ ಅಂಗಡಿಗೆ ಸೇರಿಕೊಂಡನು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಮೊಬೈಲ್ ಕೆಟ್ಟಿತು. ಅದನ್ನು ತೆಗೆದುಕೊಂಡು ಅವನಿದ್ದಲ್ಲಿಗೇ ಹೋದೆನು. ಅವನು ಸೂಕ್ಷ್ಮದರ್ಶಕದ ಕೆಳಗೆ ಹಲಗೆಯನ್ನಿಟ್ಟು, ಬಿಸಿಗಾಳಿಯ ಕೊಳವೆಯಿಂದ ಬೆಸುಗೆಯನ್ನು ಕರಗಿಸಿ, ಚಿಮಟಿಗೆಯಿಂದ ಒಂದು ಕರಿಯ ಚಿಪ್ಪನ್ನು ಎತ್ತಿದನು. ಅದು ಕಿರುಬೆರಳಿನ ಉಗುರಿನ ಅರ್ಧದಷ್ಟೂ ಇರಲಿಲ್ಲ. ಕೈ ಒಂದಿಷ್ಟೂ ನಡುಗಲಿಲ್ಲ. ಹೊಸದನ್ನು ಕೂರಿಸಿ, ಹಳೆಯದನ್ನು ನನ್ನ ಅಂಗೈಯ ಮೇಲಿಟ್ಟು, "ಗುರುಗಳೇ, ಇದನ್ನು ದಿನಾಲು ತೆಗೆಯುತ್ತೇನೆ, ಹಾಕುತ್ತೇನೆ. ಇದರ ಒಳಗೆ ಏನಿರುತ್ತದೆ?" ಎಂದು ಕೇಳಿದನು. ನಾನು ಕನ್ನಡ ಕಲಿಸುವವನು. ನನಗೆ ಉತ್ತರ ಗೊತ್ತಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ತಂದೆ ಕೇಳಿದ ಪ್ರಶ್ನೆಗೂ ಮಗ ಕೇಳಿದ ಪ್ರಶ್ನೆಗೂ ತಕ್ಕ ಉತ್ತರ ಕೊಡಬೇಕೆಂದು, ಅಂದಿನಿಂದ ನಮ್ಮ ವಿಜ್ಞಾನದ ಶಿಕ್ಷಕರ ನೆರವಿನಿಂದ ಓದುತ್ತ ಬಂದಿದ್ದೇನೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಮಗನ ಪ್ರಶ್ನೆ. ಚಿಪ್ಪಿನ ಒಳಗೆ ಇರುವುದು ಸಿಲಿಕಾನ್. ಮರಳಿನಲ್ಲಿಯೂ ಬೆಣಚುಕಲ್ಲಿನಲ್ಲಿಯೂ ಇರುವ ಮೂಲವಸ್ತುವೇ ಅದು. ಅದನ್ನು ಬೇರ್ಪಡಿಸಿ, ಅತ್ಯಂತ ಶುದ್ಧಗೊಳಿಸಿ, ಕರಗಿಸಿ, ಒಂದೇ ಹರಳಿನ ದಿಂಡಾಗಿ ಬೆಳೆಸಿ, ಸೌತೆಕಾಯಿಯನ್ನು ಹೋಳು ಮಾಡಿದಂತೆ ತೆಳುವಾದ ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಇಂದಿನ ದೊಡ್ಡ ಕಾರಖಾನೆಗಳಲ್ಲಿ ಒಂದು ಬಿಲ್ಲೆಯ ಅಡ್ಡಳತೆ 300 ಮಿಲಿಮೀಟರು. ದಪ್ಪವಾದರೋ ಒಂದು ಮಿಲಿಮೀಟರಿಗಿಂತ ಕಡಿಮೆ. ಅದರ ಮೇಲೆ ಸಾಲುಸಾಲಾಗಿ ನೂರಾರು ಚಿಪ್ಪುಗಳನ್ನು ಒಟ್ಟಿಗೇ ಮೂಡಿಸುತ್ತಾರೆ. ಫೋನಿನ ಮುಖ್ಯ ಚಿಪ್ಪೊಂದರಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುತ್ತವೆ. ಟ್ರಾನ್ಸಿಸ್ಟರು ಎಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಒಂದು ಸಣ್ಣ ತೂಬು ಎಂದು ತಿಳಿಯಿರಿ.

ಇಷ್ಟನ್ನು ಅಷ್ಟು ಕಿರಿದಾದ ಜಾಗದಲ್ಲಿ ಬರೆಯುವ ಲೇಖನಿ ಯಾವುದು? ಅದು ಬೆಳಕು. ನಿಮ್ಮ ಮನೆಯ ಮುಂದೆ ಹಬ್ಬದ ದಿನ ರಂಗೋಲಿಯ ತೂತುಹಲಗೆಯನ್ನಿಟ್ಟು ಪುಡಿ ಉದುರಿಸುವುದನ್ನು ನೋಡಿದ್ದೀರಷ್ಟೆ. ತೂತಿದ್ದಲ್ಲಿ ಪುಡಿ ಬೀಳುತ್ತದೆ, ಇಲ್ಲದಲ್ಲಿ ನೆಲ ಹಾಗೆಯೇ ಉಳಿಯುತ್ತದೆ. ಇಲ್ಲಿಯೂ ಹಾಗೆಯೇ. ಬೆಳಕು ತಾಗಿದರೆ ಗುಣ ಬದಲಾಗುವ ಒಂದು ಲೇಪವನ್ನು ಬಿಲ್ಲೆಯ ಮೇಲೆ ತೆಳ್ಳಗೆ ಹರಡುತ್ತಾರೆ. ಚಿತ್ರವಿರುವ ಗಾಜಿನ ಫಲಕದ ಮೂಲಕ ಅದರ ಮೇಲೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹಾಯಿಸುತ್ತಾರೆ. ಬಳಿಕ ದ್ರಾವಣದಲ್ಲಿ ತೊಳೆದರೆ ಒಂದು ಕಡೆಯ ಲೇಪ ಹೋಗಿ ಇನ್ನೊಂದು ಕಡೆಯದು ನಿಲ್ಲುತ್ತದೆ. ಬತ್ತಲಾದ ಜಾಗವನ್ನು ಕೊರೆಯುತ್ತಾರೆ, ಅಥವಾ ಅಲ್ಲಿ ಬೇರೊಂದು ಪದರವನ್ನು ಕೂರಿಸುತ್ತಾರೆ. ಮತ್ತೆ ಲೇಪ, ಮತ್ತೆ ಬೆಳಕು, ಮತ್ತೆ ತೊಳೆಯುವುದು. ಹೀಗೆ ನೂರಾರು ಹಂತಗಳನ್ನು ದಾಟಿ ಬಿಲ್ಲೆ ಹೊರಬರಲು ಎರಡು ಮೂರು ತಿಂಗಳುಗಳೇ ಹಿಡಿಯುತ್ತವೆ.

ಈ ರೇಖೆಗಳ ಅಳತೆ ನ್ಯಾನೋಮೀಟರಿನದು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಎಷ್ಟೋ ಅಷ್ಟು. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರು. ಕೈಬೆರಳಿನ ಉಗುರು ಒಂದು ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ನ್ಯಾನೋಮೀಟರಿನಷ್ಟು ಬೆಳೆಯುತ್ತದೆ ಎಂದು ಲೆಕ್ಕವಿದೆ. ನೀವು ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಅದು ಎಷ್ಟು ಬೆಳೆಯಿತೆಂದು ನೀವೇ ಗುಣಿಸಿ ನೋಡಿರಿ. ಇಂಥ ಅಳತೆಯಲ್ಲಿ ವಸ್ತುಗಳನ್ನು ರಚಿಸುವ ವಿದ್ಯೆಗೆ ನ್ಯಾನೋ ತಯಾರಿಕೆ ಎಂದು ಹೆಸರು. ಇಲೆಕ್ಟ್ರಾನಿಕ್ಸ್ ವಿದ್ಯೆಯ ಬೇರು ಈಗ ಇಳಿದಿರುವುದು ಈ ಆಳದಲ್ಲಿ.

ಇಂಥ ಕೆಲಸಕ್ಕೆ ಧೂಳೇ ಪರಮಶತ್ರು. ಒಂದು ಕಣ ಬಿದ್ದರೆ ಅದರ ಕೆಳಗಿನ ಚಿಪ್ಪು ಕೆಟ್ಟಿತು. ಆದುದರಿಂದ 'ಕ್ಲೀನ್ ರೂಮ್' ಎಂಬ ಶುಚಿಕೋಣೆಯಲ್ಲಿ ಈ ಕಾರ್ಯ ನಡೆಯುತ್ತದೆ. ನೂರರ ದರ್ಜೆಯ ಶುಚಿಕೋಣೆ ಎಂದರೆ, ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನು ಅಥವಾ ಅದಕ್ಕೂ ದೊಡ್ಡ ಕಣಗಳು ನೂರನ್ನು ಮೀರಕೂಡದು. ನಮ್ಮ ಶಿವಾಜಿನಗರದ ಬೀದಿಯ ಗಾಳಿಯಲ್ಲಿ ಅವು ಲಕ್ಷಗಟ್ಟಲೆ! ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿಯ ಉಡುಪನ್ನು ಧರಿಸಬೇಕು, ಕಣ್ಣೊಂದೇ ಹೊರಗೆ. ಬೆಳಕಿನಿಂದ ಬರೆಯುವ ಕೋಣೆಯಲ್ಲಿ ದೀಪಗಳೆಲ್ಲ ಹಳದಿ, ಏಕೆಂದರೆ ಬಿಳಿಯ ದೀಪದ ಬೆಳಕಿಗೆ ಆ ಲೇಪ ಕೆಡುತ್ತದೆ. ನಮ್ಮ ಅಜ್ಜಿ ಮಡಿಯುಟ್ಟು ಅಡಿಗೆಮನೆಗೆ ಹೋಗುತ್ತಿದ್ದುದು ನನಗೆ ನೆನಪಾಗುತ್ತದೆ. ಆದರೆ ಆ ಮಡಿಯಲ್ಲಿ ಇತರರ ಮೈಲಿಗೆ ತನಗೆ ತಟ್ಟಬಾರದೆಂಬ ಭಾವನೆ. ಈ ಮಡಿಯಲ್ಲಿ ಮೈಲಿಗೆಯೆಂದರೆ ಒಳಗೆ ಹೋಗುವ ನಾವೇ. ಅಲ್ಲಿ ಜಾತಿ ಕೇಳುವವರಿಲ್ಲ, ಕೈ ಶುದ್ಧವಿದೆಯೇ ಎಂದಷ್ಟೇ ಕೇಳುತ್ತಾರೆ. ಈ ಎರಡನೆಯ ಮಡಿ ನನಗೆ ಮೆಚ್ಚಿಗೆ.

ಈಗ ತಂದೆಯ ಪ್ರಶ್ನೆಗೆ ಬರುತ್ತೇನೆ. ಇದು ಹೆಚ್ಚು ಕಠಿಣವಾದುದು.

ಇಂಥ ವಿದ್ಯೆ ಮಹಾಪಂಡಿತರದು, ನಮ್ಮಂಥವರದಲ್ಲ, ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಅದು ಅರ್ಧ ಸತ್ಯ. ಹೊಸ ವಿಧಾನವನ್ನು ಕಂಡುಹಿಡಿಯಲು ಪಂಡಿತರು ಬೇಕು, ಸಂದೇಹವಿಲ್ಲ. ಆದರೆ ಕಾರಖಾನೆಯಲ್ಲಿ ಹಗಲಿರುಳು ಯಂತ್ರಗಳನ್ನು ನೋಡಿಕೊಳ್ಳುವವರು, ಅನಿಲದ ಒತ್ತಡವನ್ನು ಅಳೆಯುವವರು, ಪದರದ ದಪ್ಪವನ್ನು ಪರೀಕ್ಷಿಸುವವರು, ಎಲ್ಲಿ ತಪ್ಪಿತೆಂದು ಹಂತಹಂತವಾಗಿ ಹುಡುಕುವವರು ಡಿಪ್ಲೋಮಾ ಪಡೆದ ತಂತ್ರಜ್ಞರೇ. ಅಮೇರಿಕೆಯ ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ ಇದನ್ನು ಮನಗಂಡು 1998ರಲ್ಲಿಯೇ ಒಂದು ವ್ಯವಸ್ಥೆ ಮಾಡಿದರು. ಎರಡು ವರ್ಷದ ಸಣ್ಣ ಕಾಲೇಜುಗಳಿಗೆ ಶುಚಿಕೋಣೆಯನ್ನು ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಆದುದರಿಂದ ಆ ಕಾಲೇಜುಗಳ ವಿದ್ಯಾರ್ಥಿಗಳು ಒಂದು ಸತ್ರದ ಮಟ್ಟಿಗೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿಯ ಶುಚಿಕೋಣೆಯಲ್ಲಿ ಕೈಯಾರೆ ಕೆಲಸ ಮಾಡಿ ಕಲಿಯುವ ಏರ್ಪಾಡಾಯಿತು. ಕೋಟಿ ಕೋಟಿ ಬೆಲೆಯ ಯಂತ್ರ ಒಂದು ಕಡೆ, ಕಲಿಯುವವರು ಹಲವು ಕಡೆಯವರು.

ನಮ್ಮಲ್ಲಿಯೂ ಇದಕ್ಕೆ ಹೋಲುವ ಒಂದು ಏರ್ಪಾಡು 2008ರಿಂದ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಮುಂಬಯಿಯ ಐ.ಐ.ಟಿ.ಯ ಶುಚಿಕೋಣೆಗಳನ್ನು ದೇಶದ ಇತರ ಕಾಲೇಜುಗಳ ಸಂಶೋಧಕರಿಗೆ ತೆರೆದಿಟ್ಟಿದ್ದಾರೆ. ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೋ ವಿಜ್ಞಾನಕ್ಕೆಂದೇ ಒಂದು ಪ್ರತ್ಯೇಕ ಕೇಂದ್ರವಾಯಿತು. ಅಲ್ಲಿಯ ಶುಚಿಕೋಣೆ ಸುಮಾರು 14 ಸಾವಿರ ಚದರ ಅಡಿಗಳಷ್ಟು ವಿಸ್ತಾರವಾದುದು. ಅದರ ಲಾಭ ಮುಖ್ಯವಾಗಿ ಉನ್ನತ ಅಭ್ಯಾಸದವರಿಗೆ ದೊರೆಯುತ್ತದೆ. ಡಿಪ್ಲೋಮಾ ಕಲಿಯುವ ಹುಡುಗ ಹುಡುಗಿಯರಿಗಾಗಿಯೇ ಪುಣೆಯಲ್ಲಿ ಅಂಥದೊಂದು ಸಾಮಾನ್ಯ ಪ್ರಯೋಗಶಾಲೆ ಇರಬೇಕೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ಪಾಷಾಣ ರಸ್ತೆಯ ಕಡೆಗೆ ಹೋದರೆ 1950ರಲ್ಲಿ ಆರಂಭವಾದ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆ ಇದೆ. ಇಲೆಕ್ಟ್ರಾನಿಕ್ಸ್‌ಗೆ ಬೇಕಾದ ವಸ್ತುಗಳನ್ನು ಸಂಶೋಧಿಸುವ, 1990ರಲ್ಲಿ ಸ್ಥಾಪಿತವಾದ ಕೇಂದ್ರದ ಶಾಖೆಯೂ ಇದೆ. ಇಷ್ಟೆಲ್ಲ ಇರುವ ಊರಿನಲ್ಲಿ ಇದು ಅಸಾಧ್ಯವೆಂದು ನಾನು ಒಪ್ಪಲಾರೆ.

ನಮ್ಮ ಶಿವಾಜಿನಗರದ ಇತಿಹಾಸವೇ ನನ್ನ ಪರವಾಗಿ ಸಾಕ್ಷಿ ನುಡಿಯುತ್ತದೆ. ಸಂಗಮದ ಬಳಿಯ ಇಂಜಿನಿಯರಿಂಗ್ ಕಾಲೇಜನ್ನು ನೀವು ದಿನವೂ ನೋಡುತ್ತೀರಿ. 2022ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಆದರೆ 1854ರಲ್ಲಿ ಅದನ್ನು ತೆರೆದದ್ದು ಯಾರಿಗಾಗಿ? ಸೇತುವೆ, ಕಾಲುವೆ, ಕಟ್ಟಡಗಳ ಕೆಲಸ ನಡೆಸಬಲ್ಲ ಕೆಳದರ್ಜೆಯ ನೌಕರರನ್ನು ತಯಾರಿಸುವುದಕ್ಕಾಗಿ! ಅಷ್ಟು ಸಣ್ಣದಾಗಿ ಹುಟ್ಟಿದ ಆ ಸಂಸ್ಥೆಗೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದ ಮೇಲೆ ಬಂದು, 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮುಂದೆ ಖಡಕವಾಸಲೆಯ ಜಲಾಶಯಕ್ಕೆ ತಾವಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ರಚಿಸಿದರು. ಕರ್ನಾಟಕದಿಂದ ಪುಣೆಗೆ ಬಂದು ಕಲಿತ ಮೊದಲ ತಂತ್ರಜ್ಞರ ಸಾಲಿನವರು ಅವರು. ನಾವು ಅವರ ಭಾವಚಿತ್ರಕ್ಕೆ ಪ್ರತಿ ಸಪ್ಟೆಂಬರಿನಲ್ಲಿ ಹಾರ ಹಾಕುತ್ತೇವೆ; ಅವರು ನಡೆದ ದಾರಿ ನಮ್ಮ ಶಾಲೆಯ ಸಮೀಪದಲ್ಲೇ ಇದೆಯೆಂಬುದನ್ನು ಮರೆಯುತ್ತೇವೆ.

ಅವರ ಕಾಲೇಜು ವಿದ್ಯೆ ಇಂಗ್ಲಿಷಿನಲ್ಲಿ ನಡೆಯಿತಲ್ಲವೇ ಎಂದು ನೀವು ಕೇಳಬಹುದು. ನಡೆಯಿತು. ಹಾಗಾದರೆ ಇನ್ನೊಬ್ಬರನ್ನು ನೋಡಿರಿ. ನ್ಯಾನೋ ವಿಜ್ಞಾನದಲ್ಲಿ ಭಾರತದ ಹೆಸರನ್ನು ಎತ್ತಿದವರಲ್ಲಿ ಅಗ್ರಗಣ್ಯರಾದ ಸಿ. ಎನ್. ಆರ್. ರಾವ್ ಅವರು ಬೆಂಗಳೂರಿನ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕಲಿತವರು. ತಾಯ್ನುಡಿ ಬೆಳೆಯಲೆಂದು ತಂದೆಯವರು ಅವರನ್ನು ಕನ್ನಡ ಮಾಧ್ಯಮಕ್ಕೇ ಹಾಕಿದ್ದರು. ಮನೆಯಲ್ಲಿ ಮಾತ್ರ ಇಂಗ್ಲಿಷನ್ನೂ ಮಾತನಾಡಿಸುತ್ತಿದ್ದರು. ಭಾರತರತ್ನ ಪದವಿಯು 2014ರಲ್ಲಿ ಅವರಿಗೆ ಸಂದಿತು. ನಮ್ಮ ಮಕ್ಕಳ ಮನೆಯಲ್ಲಿ ಇಂಗ್ಲಿಷು ಕಲಿಸುವ ತಂದೆ ಇಲ್ಲವೆಂಬುದು ನಿಜ. ಆ ವ್ಯತ್ಯಾಸವನ್ನು ನಾನು ಮುಚ್ಚಿಡುವುದಿಲ್ಲ. ಆ ಕೊರತೆಯನ್ನು ಶಾಲೆ ತುಂಬಿಕೊಡಬೇಕು. ಅದು ಹೇಗೆಂದು ಹೇಳುವ ಮುನ್ನ ನನ್ನದೇ ಒಂದು ಕಥೆಯನ್ನು ಹೇಳಬೇಕಾಗಿದೆ.

ನಾನು ನಮ್ಮೂರಿನ ಕನ್ನಡ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಒಂದು ತಾಂತ್ರಿಕ ವಿದ್ಯಾಲಯದಲ್ಲಿ ಇಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿದ್ದೆನು. ಓಮನ ನಿಯಮ ನನಗೆ ಕಂಠಪಾಠವಾಗಿತ್ತು; ಲೆಕ್ಕಗಳನ್ನೂ ಬಿಡಿಸಬಲ್ಲವನಾಗಿದ್ದೆನು. ಮೊದಲ ವಾರದಲ್ಲಿ ಅಧ್ಯಾಪಕರು 'ರೆಸಿಸ್ಟೆನ್ಸ್' ಎಂದರೇನೆಂದು ನನ್ನನ್ನು ಎಬ್ಬಿಸಿ ಕೇಳಿದರು. ಆ ಶಬ್ದವನ್ನು ನಾನು ಕೇಳಿರಲೇ ಇಲ್ಲ. ಸುಮ್ಮನೆ ನಿಂತೆನು. ವರ್ಗವೆಲ್ಲ ನಕ್ಕಿತು. ಅದು ನಮ್ಮ ಪುಸ್ತಕದ 'ರೋಧ'ವೆಂದು ಸಂಜೆಯ ಹೊತ್ತಿಗೆ ತಿಳಿಯಿತು. ಆದರೆ ಸಂಜೆ ತಿಳಿದು ಏನು ಪ್ರಯೋಜನ? ಮರುದಿನದಿಂದ ಹಿಂದಿನ ಬೆಂಚಿಗೆ ಸರಿದೆನು. ಮೂರು ತಿಂಗಳಲ್ಲಿ ಬಿಟ್ಟೇ ಬಂದೆನು. ಅಪರಾಧದಲ್ಲಿ ಅರ್ಧ ನನ್ನದೇ. ಕೇಳಬೇಕಾದಲ್ಲಿ ಬಾಯಿ ಬಿಡಲಿಲ್ಲ. ಉಳಿದ ಅರ್ಧ ಯಾರದೆಂದು ಇಂದು ವಿಚಾರಿಸಿ ಫಲವಿಲ್ಲ. ಕನ್ನಡ ಕಲಿಸುವ ಕೆಲಸ ನನಗೆ ಪ್ರಿಯವೇ ಆಯಿತು. ಆದರೂ ಆ ಅಂಗಡಿಯಲ್ಲಿ ಹುಡುಗನ ನಡುಗದ ಕೈಯನ್ನು ನೋಡಿದಾಗ, ಹಿಂದಿನ ಬೆಂಚು ನೆನಪಾಗದೆ ಇರಲಿಲ್ಲ.

ಆದುದರಿಂದ ಹೇಳುತ್ತೇನೆ: ನಮ್ಮ ದಾರಿಗೆ ಅಡ್ಡವಾಗಿ ನಿಂತಿರುವುದು ಇಂಗ್ಲಿಷೆಂಬ ಪರ್ವತವಲ್ಲ, ಇನ್ನೂರು ಮುನ್ನೂರು ಶಬ್ದಗಳ ಒಂದು ಗೋಡೆ. ರೋಧ, ವಿಭವಾಂತರ, ವಾಹಕ, ಅರೆವಾಹಕ, ಇವುಗಳ ಅರ್ಥವನ್ನು ಕನ್ನಡದಲ್ಲಿ ಚೆನ್ನಾಗಿ ತಿಳಿದವನಿಗೆ ಇಂಗ್ಲಿಷು ಹೆಸರು ಕಲಿಯಲು ಎಷ್ಟು ದಿನ ಬೇಕು? ಅರ್ಥ ತಿಳಿಯದೆ ಇಂಗ್ಲಿಷು ಹೆಸರನ್ನೇ ಗಟ್ಟಿ ಮಾಡಿದವನ ಪಾಡು ನಮ್ಮದಕ್ಕಿಂತ ಕಷ್ಟದ್ದು. ಈ ಗೋಡೆಗೆ ಹೆದರಿ ಮಗುವನ್ನು ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷು ಶಾಲೆಗೆ ಹಾಕುವ ಪಾಲಕರನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತು ಇಂಗ್ಲಿಷಿನ ಹಂಗೇ ಬೇಡವೆಂದು ಗುಡುಗುವವರನ್ನೂ ಒಪ್ಪುವುದಿಲ್ಲ. ಅವರಲ್ಲಿ ಹಲವರ ಮಕ್ಕಳು ಎಲ್ಲಿ ಓದುತ್ತಾರೆಂಬುದು ನಮಗೆಲ್ಲ ಗೊತ್ತಿದೆ. ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಅನುಮತಿ ದೊರೆಯಿತು. ಸಂತೋಷವೇ. ಆದರೆ ಪುಣೆಯ ಕನ್ನಡ ಹುಡುಗನು ಕುಳಿತುಕೊಳ್ಳುವ ವರ್ಗದಲ್ಲಿ ಇಂಗ್ಲಿಷು ಮತ್ತು ಮರಾಠಿಗಳೇ ಕೇಳಿಬರುತ್ತವೆ. ಮರಾಠಿ ನಮಗೆ ಬೀದಿಯಲ್ಲಿಯೇ ಬಂದಿದೆ. ಉಳಿದದ್ದು ಆ ಇನ್ನೂರು ಮುನ್ನೂರು ಶಬ್ದಗಳು.

ಶಬ್ದ ಕಟ್ಟುವ ಕೆಲಸ ಕನ್ನಡಕ್ಕೆ ಹೊಸದೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿಯೇ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ಇಲ್ಲಿ ನಿಮ್ಮ ಕೈಯಲ್ಲಿರುವ ಕನ್ನಡದ ವಿಜ್ಞಾನ ಪುಸ್ತಕವನ್ನೇ ನೋಡಿರಿ. ಇದೇ ಪುಣೆಯಲ್ಲಿ 1967ರಲ್ಲಿ ಸ್ಥಾಪಿತವಾದ ಬಾಲಭಾರತಿಯವರು ಅದನ್ನು ಮುದ್ರಿಸುತ್ತಾರೆ. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದಲ್ಲಿ ವಿಜ್ಞಾನ ಓದುವ ಅವಕಾಶ ಸಣ್ಣದಲ್ಲ.

ಪ್ರವೇಶದ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಹತ್ತನೆಯ ಇಯತ್ತೆಯ ನಂತರ ಡಿಪ್ಲೋಮಾ ಮೂರು ವರ್ಷಗಳದು. ಗಣೇಶಖಿಂಡ ರಸ್ತೆಯಲ್ಲಿರುವ ಸರಕಾರಿ ತಂತ್ರನಿಕೇತನ 1957ರಿಂದ ನಡೆಯುತ್ತಿದೆ. ಇಲೆಕ್ಟ್ರಾನಿಕ್ಸ್ ಮತ್ತು ದೂರಸಂಪರ್ಕದ ವಿಭಾಗ ಅಲ್ಲಿದೆ. ಅಂಕ ಕಡಿಮೆ ಬಂದವರಿಗೆ ಔಂಧದ ಐ.ಟಿ.ಐ. ಇದೆ, ಅದನ್ನು ಕೀಳೆಂದು ಭಾವಿಸಬಾರದು. ಡಿಪ್ಲೋಮಾ ಮುಗಿಸಿದವರು ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ವಾಸ್ತವ್ಯದ ಪ್ರಮಾಣಪತ್ರವನ್ನು ಕೊನೆಯ ದಿನದವರೆಗೆ ಬಿಡಬೇಡಿರೆಂದು ಮನೆಯಲ್ಲಿ ಹೇಳಿರಿ. ಕಾಗದಗಳಿಲ್ಲದೆ ಅವಕಾಶ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಮೊದಲ ದಿನವೇ ನ್ಯಾನೋಮೀಟರು ಬರುವುದಿಲ್ಲ. ಬೆಸುಗೆ ಹಾಕುವುದು, ಅಳೆಯುವುದು, ಡಯೋಡಿನ ವಕ್ರರೇಖೆ ಬಿಡಿಸುವುದು, ಇಲ್ಲಿಂದಲೇ ಆರಂಭ. ಚಿಪ್ಪು ತಯಾರಿಕೆಗೆಂದೇ ಒಂದು ಡಿಪ್ಲೋಮಾ ಪಠ್ಯಕ್ರಮವನ್ನು ಅಖಿಲ ಭಾರತ ತಂತ್ರಶಿಕ್ಷಣ ಪರಿಷತ್ತು 2023ರಲ್ಲಿ ಪ್ರಕಟಿಸಿದೆ.

ಪತ್ರಿಕೆಗಳು ಬರೆಯುವಷ್ಟು ಆಸೆಯನ್ನು ನಾನು ಹುಟ್ಟಿಸಲಾರೆ. ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ 1962ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತ್ತು. ಮೊಹಾಲಿಯ ಚಿಪ್ಪಿನ ಕಾರಖಾನೆ 1984ರಲ್ಲಿ ಕೆಲಸ ಆರಂಭಿಸಿ 1989ರಲ್ಲಿ ಬೆಂಕಿಗೆ ತುತ್ತಾಯಿತು. ಆಮೇಲೆ ನಾವು ಬಹುಕಾಲ ಹಿಂದೆ ಬಿದ್ದೆವು. ಅಲ್ಲಿಯೇ 180 ನ್ಯಾನೋಮೀಟರಿನ ವಿಧಾನದಲ್ಲಿ ತಯಾರಾದ 'ವಿಕ್ರಮ್' ಪ್ರೊಸೆಸರನ್ನು 2025ರ ಸಪ್ಟೆಂಬರಿನಲ್ಲಿ ದೇಶಕ್ಕೆ ತೋರಿಸಿದರು. ಗುಜರಾತದ ಧೋಲೇರಾದಲ್ಲಿ 91 ಸಾವಿರ ಕೋಟಿ ರೂಪಾಯಿಗಳ ಕಾರಖಾನೆಗೆ 2024ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾಯಿತು. ಕೆಲಸ ದೊರೆತರೂ ಅದು ಸುಖದ ಕುರ್ಚಿಯಲ್ಲ. ಸರದಿಯ ಪ್ರಕಾರ ರಾತ್ರಿ ದುಡಿಯಬೇಕು. ಅಲ್ಲಿ ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮವನ್ನು ದಾಟಿ ಎಲುಬನ್ನು ಮುಟ್ಟುವಂಥದು. ನಿಯಮ ತಪ್ಪುವವನಿಗೆ ಅಲ್ಲಿ ಸ್ಥಳವಿಲ್ಲ. ಇದನ್ನೆಲ್ಲ ತಿಳಿದು ಹೋಗುವವರು ಹೋಗಲಿ. ಹೆಣ್ಣುಮಕ್ಕಳ ಪಾಲಕರಲ್ಲಿ ಒಂದು ಮಾತು: ನಿಮ್ಮ ಮಗಳ ಅಂಕ ಮಗನಿಗಿಂತ ಹೆಚ್ಚಿದ್ದರೂ 'ದೂರವಾಗುತ್ತದೆ' ಎಂದು ಹೇಳುತ್ತೀರಿ. ತಂತ್ರನಿಕೇತನ ನಮ್ಮ ಶಿವಾಜಿನಗರದಲ್ಲಿಯೇ ಇದೆ.

ಶಿಕ್ಷಕರ ಕೋಣೆಯ ಕಪಾಟಿನಲ್ಲಿ ನಾನು ಒಂದು ವಹಿಯನ್ನು ಇಟ್ಟಿದ್ದೇನೆ. ಎಡಗಡೆಗೆ ತಂತ್ರನಿಕೇತನದಲ್ಲಿ ಬಳಸುವ ಇಂಗ್ಲಿಷು ಶಬ್ದ ಕನ್ನಡ ಲಿಪಿಯಲ್ಲಿ, ಬಲಗಡೆಗೆ ಅದರ ಕನ್ನಡ ಶಬ್ದ ಮತ್ತು ಒಂದು ವಾಕ್ಯದ ಅರ್ಥ. ಈವರೆಗೆ ನೂರಾ ನಲವತ್ತು ಶಬ್ದಗಳಾಗಿವೆ. ಮೊಬೈಲ್ ಅಂಗಡಿಯ ಹುಡುಗನೂ ರವಿವಾರ ಬಂದು ಬರೆಯುತ್ತಾನೆ. ಬರುವ ವರ್ಷದ ಪ್ರವೇಶಕ್ಕೆ ಅರ್ಜಿ ಹಾಕಲು ಅವನ ತಂದೆಯವರು ಈಗ ಒಪ್ಪಿದ್ದಾರೆ, ಅಂಗಡಿಯ ಮಾಲಿಕರು ಸಂಜೆಯ ಹೊತ್ತು ಕೆಲಸ ಕೊಡುವುದಾಗಿ ಹೇಳಿದ್ದಾರೆ. 'ಡೋಪಿಂಗ್' ಎಂಬ ಶಬ್ದದ ಬಳಿ ನಮ್ಮೊಳಗೆ ಜಗಳವಾಗಿದೆ. ಶುದ್ಧವಾದ ಸಿಲಿಕಾನಿಗೆ ಫಾಸ್ಫರಸ್ಸನ್ನೋ ಬೋರಾನನ್ನೋ ಅತ್ಯಲ್ಪವಾಗಿ ಸೇರಿಸಿದರೆ ಅದರ ವಿದ್ಯುತ್ ಗುಣವೇ ಬದಲಾಗುತ್ತದೆ. ಅದಕ್ಕೆ ಈ ಹೆಸರು. ಹುಡುಗನು ಅದಕ್ಕೆ 'ಹೆಪ್ಪು ಹಾಕುವುದು' ಎಂದು ಬರೆದನು. ಒಂದು ಹನಿ ಮಜ್ಜಿಗೆಯಿಂದ ಪಾತ್ರೆಯ ಹಾಲೆಲ್ಲ ಮೊಸರಾಗುವುದಿಲ್ಲವೇ ಎಂಬುದು ಅವನ ವಾದ. ನಮ್ಮ ವಿಜ್ಞಾನದ ಶಿಕ್ಷಕರು ಒಪ್ಪಲಿಲ್ಲ. ಹೆಪ್ಪು ತಾನೇ ಬೆಳೆಯುತ್ತದೆ, ಫಾಸ್ಫರಸ್ಸು ಬೆಳೆಯುವುದಿಲ್ಲ ಎಂದರು. ಅವರ ಆಕ್ಷೇಪಣೆ ಸರಿ. ಆದರೂ ಹುಡುಗನ ಶಬ್ದವನ್ನು ಅಳಿಸಲು ನನಗೆ ಮನಸ್ಸಾಗದೆ ಪೆನ್ಸಿಲಿನಲ್ಲಿಯೇ ಬಿಟ್ಟಿದ್ದೇನೆ. ಅದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಮಧ್ಯಾಹ್ನದ ಬಿಡುವಿನಲ್ಲಿ ಬಂದು ಬರೆಯಿರಿ, ಕಪಾಟಿಗೆ ಬೀಗವಿಲ್ಲ.